ಮಳೆಗಾಲದ ಮಣ್ಣು ರಸ್ತೆಗೆ ಹಳೆ ಫೋರ್ ಬೈ ಫೋರ್: ಜಿಪ್ಸಿ, ಥಾರ್, ಕ್ಯಾಂಪರ್, ಯಾವುದು ತಗೊಳ್ಳಲಿ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಬಂದು ಒಳಗೆ ತಿರುಗಿದರೆ ನಮ್ಮ ಊರು. ಡಾಂಬರು ಮುಗಿದ ಮೇಲೆ ಮಣ್ಣು ರಸ್ತೆ, ನಡುವೆ ಒಂದು ಹಳ್ಳ, ಅಲ್ಲಿಂದ ಮನೆಯವರೆಗೂ ಏರು. ಜೂನ್‌ನಲ್ಲಿ ಮಳೆ ಹಿಡಿದರೆ ಕಾರು ಡಾಂಬರಿನ ಅಂಚಿನಲ್ಲೇ ನಿಲ್ಲಬೇಕು. ಅಪ್ಪನಿಗೆ ಎಂಬತ್ತಾಯ್ತು, ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂದರೆ ಏನು ಮಾಡೋದು ಅನ್ನೋದೇ ಚಿಂತೆ. ಅಡಿಕೆ ಮೂಟೆ ಸಾಗಿಸೋದು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಡ್ರಮ್ ಒಯ್ಯೋದು ಎಲ್ಲ ಅದರ ನಂತರ.

ಬಜೆಟ್ 5 ಲಕ್ಷ, ಎಳೆದರೆ 6. ನಾಲ್ಕೂ ಚಕ್ರ ಎಳೆಯುವ ಹಳೆ ಫೋರ್ ಬೈ ಫೋರ್ ಬೇಕು. ಮೂರು ಗಾಡಿ ಕಣ್ಣಿಗೆ ಬಿದ್ದಿವೆ. ಕಾರವಾರದಲ್ಲಿ ಒಂದು ಜಿಪ್ಸಿ, ಎಂಪಿಎಫ್‌ಐ (ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್), ಹೊಸದಾಗಿ ಹಸಿರು ಬಣ್ಣ ಹೊಡೆಸಿ ದಪ್ಪ ಟಯರ್ ಹಾಕಿದ್ದಾರೆ. ಹುಬ್ಬಳ್ಳಿಯಲ್ಲಿ 2013ರ ಥಾರ್ ಸಿಆರ್‌ಡಿಇ (ಎಲೆಕ್ಟ್ರಾನಿಕ್ ಇಂಜೆಕ್ಷನ್‌ನ ಡೀಸೆಲ್). ಯಲ್ಲಾಪುರದಲ್ಲಿ ಹಿಂದೆ ಸಾಮಾನು ಹಾಕುವ ಒಂದು ಬೊಲೆರೊ ಕ್ಯಾಂಪರ್ ಫೋರ್ ಬೈ ಫೋರ್. ಯಾವುದು ಒಳ್ಳೇದು? ನೋಡಲು ಹೋದಾಗ ಏನೇನು ನೋಡಬೇಕು? ನನಗೆ ಎಂಜಿನ್ ವಿಷಯ ಅಷ್ಟಾಗಿ ಗೊತ್ತಿಲ್ಲ.

ಕಾಳಿ ತೀರ

ಕಾರವಾರದ ಗಾಡಿ, ಅದೂ ಹೊಸ ಬಣ್ಣ ಅಂದ್ರೆ ಮೊದಲು ಅಡಿಗೆ ಮಲಗಿ ನೋಡಿ. ಮೇಲಿನ ಬಣ್ಣ ಆಮೇಲೆ.

ಗ್ಯಾರೇಜ್ ಕುಮಟಾ

ಕಾಳಿ ತೀರದವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕರಾವಳಿಯಲ್ಲಿ ಗಾಡಿ ಹಾಳಾಗೋದು ಎಂಜಿನ್‌ನಿಂದ ಅಲ್ಲ, ತುಕ್ಕಿನಿಂದ. ಎಂಜಿನ್ ಬಿಚ್ಚಿ ಕಟ್ಟಬಹುದು, ಪಾರ್ಟ್ಸ್ ಸಿಗುತ್ತವೆ. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ತಿಂದು ಹೋದರೆ ಗಾಡಿನೇ ಹೋಯ್ತು.

ನೋಡುವ ಕ್ರಮ ಹೇಳ್ತೀನಿ. ಒಂದು ಸಣ್ಣ ಸುತ್ತಿಗೆ, ಒಂದು ಹಳೆ ಸ್ಕ್ರೂಡ್ರೈವರ್, ಒಂದು ಟಾರ್ಚ್ ತಗೊಂಡು ಹೋಗಿ. ಚಾಸಿಯ ಎರಡೂ ಉದ್ದ ಕಂಬಿಗಳನ್ನು ಮುಂದಿನಿಂದ ಹಿಂದಿನವರೆಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ. ತಿಂದು ಹೋದ ಜಾಗ ಮಂಕಾಗಿ ದಬ್ ಅನ್ನುತ್ತೆ. ಅಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಕಬ್ಬಿಣ ಪದರ ಪದರವಾಗಿ ಎದ್ದು ಬಂದರೆ ಅಲ್ಲಿಂದಲೇ ಎದ್ದು ಮನೆಗೆ ಬನ್ನಿ. ಮುಖ್ಯವಾಗಿ ಲೀಫ್ ಸ್ಪ್ರಿಂಗ್ (ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್) ಚಾಸಿಗೆ ಕೂರುವ ಬ್ರಾಕೆಟ್, ಅದರ ತುದಿ ಹಿಡಿಯುವ ಷಾಕಲ್, ಬಾಡಿ ಕೂರುವ ರಬ್ಬರ್ ಬುಷ್‌ನ ಸುತ್ತ, ಹಿಂದಿನ ಅಡ್ಡ ಕಂಬಿ, ಪೆಟ್ರೋಲ್ ಟ್ಯಾಂಕ್ ಮೇಲ್ಭಾಗ. ಕೆಸರು ನಿಲ್ಲುವ ಜಾಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತುಕ್ಕು ಇರುತ್ತೆ.

ಅಡಿಯಲ್ಲಿ ಹೊಸ ಕಪ್ಪು ಕೋಟಿಂಗ್ ಇದ್ದರೆ ಜಾಸ್ತಿ ಹುಷಾರು. ಹೊಸದಾಗಿ ಹೊಡೆಸಿದ್ದು ಒಳ್ಳೇದಕ್ಕೂ ಇರಬಹುದು, ಮುಚ್ಚಿಡೋಕೂ ಇರಬಹುದು. ಹೊಡೆಸುವ ಮೊದಲು ತೆಗೆದ ಫೋಟೋ ಇದೆಯಾ ಅಂತ ಕೇಳಿ.

ತೋಟದಮನೆ, ಶಿರಸಿ

ತುಂಬಾ ಉಪಕಾರ ಆಯ್ತು. ಜಿಪ್ಸಿ ಅಡಿಗೆ ಹೊಸ ಕಪ್ಪು ಕೋಟಿಂಗ್ ಇದೆ, ಅವರೇ ಹೇಳಿದ್ರು. ಕೇಳ್ತೇನೆ.

ಜೋಯಿಡಾ ಕಾಡು

ಜಿಪ್ಸಿ ಬಗ್ಗೆ ಇಷ್ಟು ಬೇಗ ಹೆದರಿಸಬೇಡಿ ಮಾರಾಯ್ರೇ. ಮಣ್ಣು ರಸ್ತೆಗೆ ಅದರಷ್ಟು ಹಗುರ ಗಾಡಿ ಇನ್ನೊಂದಿಲ್ಲ. ಒಂದು ಟನ್ ಆಸುಪಾಸು ತೂಕ ಅಷ್ಟೇ. ಅಣಶಿ ಕಡೆ ಮಳೆಗಾಲದಲ್ಲಿ ದೊಡ್ಡ ಗಾಡಿಗಳು ಕೆಸರಲ್ಲಿ ಕೂತಲ್ಲಿ ಜಿಪ್ಸಿ ಮೇಲಿಂದ ಮೇಲೆ ಹೋಗುತ್ತೆ. 1985ರಲ್ಲಿ ಬಂದಾಗ ಒಂದು ಲೀಟರ್‌ನ ಸಣ್ಣ ಎಂಜಿನ್ ಇತ್ತು. 1996ರಲ್ಲಿ 1.3 ಲೀಟರ್ ಬಂತು. 2000ದಿಂದ 16 ವಾಲ್ವ್ ಎಂಪಿಎಫ್‌ಐ. ತಗೊಳ್ಳೋದಾದ್ರೆ ಆ ಕೊನೆಯದೇ ತಗೊಳ್ಳಿ, ಕಾರ್ಬುರೇಟರ್ ಬೇಡ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ಹಳೆ ರಬ್ಬರ್ ಪೈಪುಗಳು ಬೇಗ ಬಿರಿಯುತ್ತವೆ.

ಬನವಾಸಿ ರಸ್ತೆ

ಹಗುರ ಸರಿ ಅಣ್ಣಾ. ಆದರೆ ಅವರು ಕೇಳಿದ್ದು ಎಂಬತ್ತು ವರ್ಷದ ಅಪ್ಪನನ್ನು ರಾತ್ರಿ ಆಸ್ಪತ್ರೆಗೆ ಒಯ್ಯೋಕೆ. ಜಿಪ್ಸಿ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಹೊಂಡದಲ್ಲಿ ಎತ್ತಿ ಕುಕ್ಕುತ್ತೆ. ಸೊಂಟ ನೋವಿರುವ ಹಿರಿಯರಿಗೆ ಅದು ಆಗಲ್ಲ. ಸಾಫ್ಟ್ ಟಾಪ್ (ಬಟ್ಟೆಯ ಛಾವಣಿ) ಬೇರೆ. ಶಿರಸಿ ಮಳೆಯಲ್ಲಿ ನೀರು ಒಳಗೆ ಬರದೇ ಇರುತ್ತಾ?

ಜೋಯಿಡಾ ಕಾಡು

ಹಳೆ ಥಾರ್ ಏನು ಮೆತ್ತಗಿದೆಯಾ? ಹಿಂದೆ ಅದಕ್ಕೂ ಲೀಫ್ ಸ್ಪ್ರಿಂಗೇ.

ಬನವಾಸಿ ರಸ್ತೆ

ಹಿಂದೆ ಲೀಫ್, ಮುಂದೆ ಟಾರ್ಶನ್ ಬಾರ್. ಮುಂದಿನ ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಮುಂದಿನ ಸೀಟಿನಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುತ್ತೆ. ಹಿಂದಿನ ಅಡ್ಡ ಸೀಟಿನಲ್ಲಿ ಮಾತ್ರ ಹಿರಿಯರನ್ನು ಯಾವ ಗಾಡಿಯಲ್ಲೂ ಕೂರಿಸಬೇಡಿ.

ಹೊನ್ನಾವರ ಬಂದರು

ಒಂದು ಮಾತು. ಥಾರ್ ಅಂದ ಮಾತ್ರಕ್ಕೆ ಫೋರ್ ಬೈ ಫೋರ್ ಅಂತ ತಿಳ್ಕೋಬೇಡಿ. 2010ರಲ್ಲಿ ಬಂದ ಹಳೆ ಥಾರ್‌ನ ಡಿಐ ಮಾದರಿಯಲ್ಲಿ ಟೂ ವೀಲ್ ಡ್ರೈವ್ ಕೂಡ ಇತ್ತು. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂತು, ಅದರಲ್ಲೂ 2023ರಿಂದ ಹಿಂದಿನ ಚಕ್ರ ಮಾತ್ರ ತಿರುಗುವ ಮಾದರಿ ಇದೆ. ಒಳಗೆ ಗೇರ್ ಲಿವರ್ ಅಲ್ಲದೆ ಫೋರ್ ಬೈ ಫೋರ್ ಹಾಕುವ ಎರಡನೇ ಲಿವರ್ ಇದೆಯಾ, ಅದು ಕೆಲಸ ಮಾಡುತ್ತಾ, ಎರಡನ್ನೂ ನೋಡಿ.

ಸದಾಶಿವಗಡ

ಆ ಲಿವರ್ ಕೆಲಸ ಮಾಡುತ್ತಾ ಅಂತ ಹೇಗೆ ನೋಡೋದು? ನನಗೂ ತಿಳ್ಕೋಬೇಕು.

ಗ್ಯಾರೇಜ್ ಕುಮಟಾ

ಡಾಂಬರು ರಸ್ತೆಯಲ್ಲಿ ನೋಡಬೇಡಿ. ಹಳೆ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಇರಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗುತ್ತೆ, ಹಿಂದಿನದು ಕಡಿಮೆ. ಮಣ್ಣಿನಲ್ಲಾದರೆ ಟಯರ್ ಸ್ವಲ್ಪ ಜಾರಿ ಸರಿಹೋಗುತ್ತೆ. ಒಣ ಡಾಂಬರಿನಲ್ಲಿ ಜಾರಲ್ಲ, ಆ ಒತ್ತಡ ಎಲ್ಲಾ ಗೇರಿನ ಮೇಲೆ ಬೀಳುತ್ತೆ. ಲಿವರ್ ಸಿಕ್ಕಿಕೊಂಡು ವಾಪಸ್ ಬರಲ್ಲ. ಅದಕ್ಕೇ ಮಣ್ಣು ಏರು ಹುಡುಕಿ.

ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, 4ಎಲ್‌ಗೆ ಹಾಕಿ, ಅಂದ್ರೆ ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯುವ ಗೇರಿಗೆ. ಜಿಪ್ಸಿಯಲ್ಲಿ ಮುಂದಿನ ಚಕ್ರದ ಹಬ್ ಕೈಯಿಂದ ತಿರುಗಿಸುವ ಥರದ್ದಿದ್ದರೆ ಮೊದಲು ಅದನ್ನು ಲಾಕ್ ಮಾಡಿ. ತುಂಬಾ ಗಾಡಿಗಳಲ್ಲಿ ಅದು ತಿರುಗೋದೇ ಇಲ್ಲ, ತುಕ್ಕು ಹಿಡಿದು ಕೂತಿರುತ್ತೆ. ಮೊದಲನೇ ಗೇರಿನಲ್ಲಿ ಏರಿಗೆ ಬಿಡಿ. ಆಕ್ಸಿಲರೇಟರ್ ಒತ್ತದೇ ಹೋಗಬೇಕು. ಕರಕರ ಶಬ್ದ ಬರಬಾರದು. ಈಗ ಅದೇ ಏರನ್ನು ಇಳಿಸಿ, ಬ್ರೇಕ್ ಮುಟ್ಟದೇ. ಇಳಿಯುವಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಒಳಗೆ ಸವೆದಿದೆ ಅಂತ ಅರ್ಥ. ಏರುವಾಗ ಸುಮ್ನೆ ಇದ್ದದ್ದು ಇಳಿಯುವಾಗ ಹಾರುತ್ತೆ, ಅದಕ್ಕೆ ಎರಡೂ ಕಡೆ ನೋಡಬೇಕು.

ಆಮೇಲೆ ಸ್ಟೇರಿಂಗ್ ಪೂರ್ತಿ ಒಂದು ಕಡೆ ಎಳೆದು ಮಣ್ಣಿನಲ್ಲಿ ನಿಧಾನ ಸುತ್ತಿಸಿ. ಟಕ್ ಟಕ್ ಟಕ್ ಅಂತ ಲಯವಾಗಿ ಬಂದರೆ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟ್ ಹೋಗಿದೆ. ಗೇರ್ ಹಾಕಿ ಬಿಡುವಾಗ ಅಡಿಯಿಂದ ಒಂದೇ ಸಲ ಠಕ್ ಅಂದರೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ನೋಡಿ. ಕ್ರಾಸ್ ದೊಡ್ಡ ಖರ್ಚಲ್ಲ. ಟ್ರಾನ್ಸ್‌ಫರ್ ಕೇಸ್ ದೊಡ್ಡ ಖರ್ಚು.

ಯಾಣ ಕಣಿವೆ

ಇದರ ಜೊತೆ ಆಯಿಲ್ ನೋಡೋದು ಮರೀಬೇಡಿ. ಹಳ್ಳ ದಾಟಿಸಿದ ಗಾಡಿಗಳಲ್ಲಿ ಇದೇ ದೊಡ್ಡ ಸಮಸ್ಯೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಪ್ರತಿ ಆಕ್ಸಲ್‌ನಲ್ಲಿರುವ ಡಿಫರೆನ್ಷಿಯಲ್‌ನ ಫಿಲ್ಲರ್ (ಎಣ್ಣೆ ತುಂಬುವ) ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ. ಕಪ್ಪು ಅಥವಾ ಕಂದು ಎಣ್ಣೆ ಬಂದರೆ ಸರಿ. ಹಾಲು ಹಾಕಿದ ಚಹಾದ ಥರ ಬಂದರೆ ನೀರು ಸೇರಿದೆ. ಬೋಲ್ಟ್ ಬಿಚ್ಚೋಕೆ ಮಾಲೀಕರು ಬಿಡದಿದ್ದರೆ ಅದೇ ನಿಮಗೆ ಉತ್ತರ.

ಕಾಳಿ ತೀರ

ಗೋವಾ ಗಡಿ ಆಚೆ ಕುಳೆಯಿಂದ ದೂಧಸಾಗರಕ್ಕೆ ಜನರನ್ನು ಒಯ್ಯುವ ಜೀಪುಗಳು ಹೊಳೆ ದಾಟುತ್ತಲೇ ಇರುತ್ತವೆ. ಅಂಥ ಕೆಲಸ ಮಾಡಿದ ಗಾಡಿ ಆಮೇಲೆ ಖಾಸಗಿ ಅಂತ ಮಾರಾಟಕ್ಕೆ ಬರಬಹುದು. ಆರ್‌ಸಿಯಲ್ಲಿ ಮೊದಲು ಟ್ಯಾಕ್ಸಿ ಆಗಿತ್ತಾ ನೋಡಿ. ಟ್ಯಾಕ್ಸಿ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಬೆಲೆ ಅದಕ್ಕೆ ತಕ್ಕ ಹಾಗೆ ಇರಬೇಕು.

ಅಂಕೋಲಾ ಹೆದ್ದಾರಿ

ನೆರೆಗೆ ಸಿಕ್ಕ ಗಾಡಿ ಬಗ್ಗೆ ಯಾರೂ ಹೇಳಲೇ ಇಲ್ಲ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದವು. ಕದ್ರಾ ಕೆಳಗಿನ ಊರುಗಳಲ್ಲಿ, ಗಂಗಾವಳಿ ದಂಡೆಯಲ್ಲಿ ನಿಂತಿದ್ದ ಗಾಡಿಗಳು ನೀರಿನಲ್ಲಿ ಮುಳುಗಿದವು. ಗುಳ್ಳಾಪುರದ ಸೇತುವೆಯೇ ಕೊಚ್ಚಿ ಹೋಯ್ತಲ್ಲ. ಮುಳುಗಿದ ಗಾಡಿಯನ್ನು ತೊಳೆದು, ಸೀಟು ಬದಲಿಸಿ ಮಾರುತ್ತಾರೆ.

ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ಕೊನೆಯವರೆಗೆ. ಮೇಲಿನ ಭಾಗ ತೊಳೆದಿರ್ತಾರೆ, ಸುರುಳಿಯ ಒಳಗಿದ್ದ ತುದಿಯಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತೆ. ಸೀಟಿನ ಕೆಳಗಿನ ಹಳಿ, ಡ್ಯಾಶ್‌ಬೋರ್ಡ್ ಅಡಿಯ ಸ್ಕ್ರೂಗಳು ತುಕ್ಕಾಗಿವೆಯಾ ನೋಡಿ. ಫ್ಯೂಸ್ ಬಾಕ್ಸ್ ತೆಗೆದರೆ ಕನೆಕ್ಟರ್‌ಗಳಲ್ಲಿ ಹಸಿರು ಪುಡಿ. ಹೆಡ್‌ಲೈಟ್ ಒಳಗೆ ನೀರಿನ ಕಲೆ. ಮ್ಯಾಟ್ ಎತ್ತಿ ಮೂಸಿ. ಸಿಆರ್‌ಡಿಇ ಥರದ ಎಲೆಕ್ಟ್ರಾನಿಕ್ ಇಂಜೆಕ್ಷನ್ ಗಾಡಿ ಒಮ್ಮೆ ಮುಳುಗಿದರೆ ವೈರಿಂಗ್ ತೊಂದರೆ ವರ್ಷಗಟ್ಟಲೆ ಬಿಡಲ್ಲ.

ಯಾಣ ಕಣಿವೆ

ಅಂಕೋಲಾದವರೇ, ಶಿರೂರು ಗುಡ್ಡ ಈಗ ಹೇಗಿದೆ? ಆ ಕಡೆ ಹೋಗುವಾಗ ಇನ್ನೂ ಎದೆ ಹೊಡ್ಕೊಳ್ಳುತ್ತೆ.

ಅಂಕೋಲಾ ಹೆದ್ದಾರಿ

ನಮಗೂ ಅಷ್ಟೇ. 2024ರ ಜುಲೈ 16ರ ಬೆಳಗ್ಗೆ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಮರೆಯೋಕೆ ಆಗಲ್ಲ. ಜೋರು ಮಳೆಯಲ್ಲಿ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ ಅಂತ ಎಲ್ಲರಿಗೂ ಹೇಳ್ತಾ ಇರ್ತೀನಿ. ಅದು ಫೋರ್ ಬೈ ಫೋರ್ ಆದರೂ ಒಂದೇ, ಲಾರಿ ಆದರೂ ಒಂದೇ.

ಹಳ್ಳದ ವಿಷಯಕ್ಕೂ ಇದೇ ಮಾತು. ಹೊಸ ಥಾರ್‌ಗೆ 650 ಮಿಲಿಮೀಟರ್, ಫೋರ್ಸ್ ಗೂರ್ಖಾಕ್ಕೆ 700 ಮಿಲಿಮೀಟರ್ ನೀರು ದಾಟುತ್ತೆ ಅಂತ ಕಂಪನಿ ಹೇಳುತ್ತೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಕೆಂಪು ನೀರಿಗೆ ಅದು ಅನ್ವಯಿಸಲ್ಲ. ತೋಟದಮನೆಯವರೇ, ನಿಮ್ಮ ಹಳ್ಳ ತುಂಬಿದ ರಾತ್ರಿ ಯಾವ ಗಾಡಿಯೂ ಬೇಡ. ಆಚೆ ದಡದಲ್ಲಿ ಇನ್ನೊಂದು ಗಾಡಿ ಸಿಗುವ ಹಾಗೆ, ಕಾಲುಸಂಕದ ಮೇಲೆ ಅಪ್ಪನನ್ನು ದಾಟಿಸುವ ಹಾಗೆ ಈಗಲೇ ಏರ್ಪಾಡು ಮಾಡಿಟ್ಟುಕೊಳ್ಳಿ.

ತೋಟದಮನೆ, ಶಿರಸಿ

ಈ ಮಾತು ಮನಸ್ಸಿಗೆ ನಾಟಿತು. ಕಾಲುಸಂಕ ಇದೆ, ಹಳೆಯದು. ಈ ಬೇಸಿಗೆಯಲ್ಲೇ ರಿಪೇರಿ ಮಾಡಿಸ್ತೇವೆ. ಆಚೆ ಮನೆಯ ಭಾವನ ಹತ್ತಿರ ಓಮ್ನಿ ಇದೆ, ಕೇಳಿಟ್ಟುಕೊಳ್ತೇನೆ.

ಘಟ್ಟದ ಮೇಲೆ

ಎಲ್ಲರೂ ಫೋರ್ ಬೈ ಫೋರ್ ಅಂತಿದ್ದೀರಿ. ಏರಿಗೆ ಎರಡು ಗೆರೆ ಕಾಂಕ್ರೀಟ್ ಹಾಕಿಸಿ, ಸಾದಾ ಬೊಲೆರೊಗೆ ಒಳ್ಳೆ ಟಯರ್ ಹಾಕಿಸಿದರೆ ಸಾಲದಾ? ಚಕ್ರ ಹೋಗುವ ಜಾಗಕ್ಕೆ ಮಾತ್ರ ಸಾಕು. ನಮ್ಮೂರಲ್ಲಿ ಹಾಗೇ ಮಾಡಿದ್ದೇವೆ.

ಬನವಾಸಿ ರಸ್ತೆ

ಏರು ಚಿಕ್ಕದಿದ್ದರೆ ಒಳ್ಳೆ ಉಪಾಯ. ಆದರೆ ಅವರ ರಸ್ತೆ ಬೆಟ್ಟದ ಜಾಗದಲ್ಲಿ ಹೋಗುತ್ತಾ ಕೇಳಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಜಾಗ) ಕಾಂಕ್ರೀಟ್ ಅಂದ್ರೆ ಅರಣ್ಯ ಇಲಾಖೆ ಒಪ್ಪಿಗೆ ವಿಷಯ ಬರುತ್ತೆ.

ತೋಟದಮನೆ, ಶಿರಸಿ

ಹೌದು, ಅರ್ಧ ದಾರಿ ಬೆಟ್ಟದಲ್ಲೇ.

ಹೊನ್ನಾವರ ಬಂದರು

ಕ್ಯಾಂಪರ್ ಬಗ್ಗೆ ಹೇಳ್ತೀನಿ. ಮೂಟೆ, ಡ್ರಮ್‌ಗೆ ಅದರಷ್ಟು ಒಳ್ಳೇದಿಲ್ಲ. ಆದರೆ ಹಳದಿ ಬೋರ್ಡ್ ಇದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೆಲಸ ಇರುತ್ತೆ. 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಖಾಲಿ ಇದ್ದಾಗ ಹಿಂಭಾಗ ಹಗುರವಾಗಿ ಕುಣಿಯುತ್ತೆ, ಕೆಸರು ಏರಿನಲ್ಲಿ ಹಿಂದಿನ ಚಕ್ರ ಹಿಡಿತ ಬಿಡುತ್ತೆ. ನಾವು ಹಿಂದೆ ಹೊಯ್ಗೆ (ಮರಳು) ಚೀಲ ಹಾಕಿಕೊಂಡು ಹೋಗ್ತಿದ್ವಿ.

ಸದಾಶಿವಗಡ

ಹೊಸ ಡೀಸೆಲ್ ಗಾಡಿ ಸಾಲ ಮಾಡಿ ತಗೊಂಡ್ರೆ ಹೇಗೆ? ಈ ತಲೆನೋವೇ ಇರಲ್ಲ ಅಲ್ವಾ?

ಗ್ಯಾರೇಜ್ ಕುಮಟಾ

ಅಲ್ಲೂ ಒಂದು ವಿಷಯ ಇದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತೆ. ಅದು ಬಿಸಿಯಾಗಿ ಮಸಿ ಸುಡಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಮನೆಯಿಂದ ತೋಟ, ತೋಟದಿಂದ ಸೊಸೈಟಿ ಅಂತ ಬರೀ ಚಿಕ್ಕ ಓಡಾಟ ಆದರೆ ಡಿಪಿಎಫ್ ಕಟ್ಟಿ ದೀಪ ಹತ್ತುತ್ತೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಓಡಿಸುವವರಿಗೆ ತೊಂದರೆ ಇಲ್ಲ. ಇನ್ನೊಂದು, ಸೆಕೆಂಡ್ ಹ್ಯಾಂಡ್ ಹೊಸ ಥಾರ್ ನೋಡುವವರಿಗೆ: 2020ರ ಕೊನೆಯ ತಿಂಗಳುಗಳಲ್ಲಿ ತಯಾರಾದ ಕೆಲವು ಡೀಸೆಲ್ ಗಾಡಿಗಳನ್ನು ಕ್ಯಾಮ್‌ಶಾಫ್ಟ್ ಪರೀಕ್ಷೆಗೆ ಕಂಪನಿಯೇ ವಾಪಸ್ ಕರೆಸಿತ್ತು. ಆ ಕೆಲಸ ಆಗಿದೆಯಾ ಅಂತ ಸರ್ವೀಸ್ ದಾಖಲೆಯಲ್ಲಿ ನೋಡಿ.

ಜೋಯಿಡಾ ಕಾಡು

ಅದಕ್ಕೇ ಹೇಳೋದು, ಜಿಪ್ಸಿಗೆ ಇದ್ಯಾವ ರಗಳೆನೂ ಇಲ್ಲ. ಮಿಲಿಟರಿ ಹರಾಜಿನ ಜಿಪ್ಸಿ ಸಿಕ್ಕರೆ ಇನ್ನೂ ಒಳ್ಳೇದು.

ಹೊನ್ನಾವರ ಬಂದರು

ಮಿಲಿಟರಿ ಗಾಡಿ ಅಂದ್ರೆ ಕಾಗದ ನೋಡದೇ ಮುಂಗಡ ಕೊಡಬೇಡಿ ಅಣ್ಣಾ. ನನ್ನ ಪರಿಚಯದವರೊಬ್ಬರು ಮಧ್ಯವರ್ತಿಯ ಮಾತು ನಂಬಿ ತಗೊಂಡರು. ಹರಾಜಿನ ಮೂಲ ಕಾಗದ ಆಮೇಲೆ ಬರುತ್ತೆ ಅಂದಿದ್ದು ಬರಲೇ ಇಲ್ಲ. ಗಾಡಿ ಚೆನ್ನಾಗೇ ಇದೆ, ನಂಬರ್ ಇಲ್ಲ. ತೋಟದ ಒಳಗೆ ಮಾತ್ರ ಓಡುತ್ತೆ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಕೊರೆದದ್ದರ ಜೊತೆ ಹೋಲಿಸಿ. ಚಾಸಿ ನಂಬರ್ ಇರುವ ಜಾಗವೇ ತುಕ್ಕು ತಿಂದು ಓದೋಕೆ ಆಗದಿದ್ದರೆ ವರ್ಗಾವಣೆ ದಿನ ಆರ್‌ಟಿಒ ಕಚೇರಿಯಲ್ಲಿ ಸಿಕ್ಕಿಬೀಳ್ತೀರಿ.

ಮಾರ್ಪಾಡಿನ ವಿಷಯವೂ ಹಾಗೇ. ಆರ್‌ಸಿಯಲ್ಲಿ ಸಾಫ್ಟ್ ಟಾಪ್, ಗಾಡಿಗೆ ಹಾರ್ಡ್ ಟಾಪ್. ಪೆಟ್ರೋಲ್ ಜಿಪ್ಸಿಗೆ ಬೇರೆ ಯಾವುದೋ ಡೀಸೆಲ್ ಎಂಜಿನ್. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕಿಂತ ಬೇರೆಯಾಗಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯೋದೇ ಇದನ್ನು.

ಜೋಯಿಡಾ ಕಾಡು

ಕಾಗದದ ಮಾತು ಒಪ್ಪಿದೆ. ಜಿಪ್ಸಿ ಒಳ್ಳೇ ಗಾಡಿ ಅನ್ನೋದನ್ನು ಮಾತ್ರ ಬಿಡಲ್ಲ.

ತೋಟದಮನೆ, ಶಿರಸಿ

ಎಲ್ಲರೂ ಹೇಳಿದ್ದನ್ನು ಬರೆದುಕೊಂಡು ಹೋಗಿದ್ದೆ. ವರದಿ ಒಪ್ಪಿಸ್ತೇನೆ.

ಜಿಪ್ಸಿ: ಹಿಂದಿನ ಲೀಫ್ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ತಟ್ಟಿದಾಗ ಶಬ್ದ ಮಂಕಾಗಿತ್ತು. ಕಪ್ಪು ಕೋಟಿಂಗ್ ಕೆರೆದರೆ ಅಡಿಯಲ್ಲಿ ಪುಟ್ಟಿ, ಅದರಡಿ ತೂತು. ಮಾಲೀಕರಿಗೂ ಗೊತ್ತಿರಲಿಲ್ಲ ಅನ್ಸುತ್ತೆ, ಅವರ ಮುಖ ಬಾಡಿತು. ಕೈಬಿಟ್ಟೆ.

ಹುಬ್ಬಳ್ಳಿ ಥಾರ್: ಚಾಸಿ ಗಟ್ಟಿ ಇದೆ, ಹಿಂದಿನಿಂದ ಮುಂದಿನವರೆಗೆ ಠಣ್ ಅಂತು. ಬೆಳಿಗ್ಗೆ ನಾನು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೆ, ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಒಂದೇ ಸಲಕ್ಕೆ ಹಿಡಿಯಿತು. 4ಎಲ್ ಏರುವಾಗಲೂ ಇಳಿಯುವಾಗಲೂ ಹಾರದೇ ನಿಂತಿತು. ಹಿಂದಿನ ಡಿಫರೆನ್ಷಿಯಲ್ ಆಯಿಲ್ ಕಪ್ಪಗಿತ್ತು. ಮುಂದಿನದು ಸ್ವಲ್ಪ ತಿಳಿ ಕಂದು, ಹಾಲಿನ ಥರ ಅಲ್ಲ. ಆಯಿಲ್ ಕ್ಯಾಪ್ ತೆಗೆದಾಗ ಸ್ವಲ್ಪ ಹೊಗೆ ಬಂತು. ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಇದೆ. ಅವರು 5.40 ಹೇಳ್ತಿದ್ದಾರೆ.

ಕ್ಯಾಂಪರ್ ನೋಡೋಕೆ ಹೋಗುವ ಮೊದಲೇ ಮಾರಾಟ ಆಯ್ತಂತೆ.

ಗ್ಯಾರೇಜ್ ಕುಮಟಾ

ಚೆನ್ನಾಗಿ ನೋಡಿದ್ದೀರಿ. ಹೊಗೆ ಎಷ್ಟು ಅನ್ನೋದು ಮುಖ್ಯ. ಎಂಜಿನ್ ಓಡ್ತಿರುವಾಗ ಕ್ಯಾಪನ್ನು ಎಣ್ಣೆ ಹಾಕುವ ಬಾಯಿ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಅಲುಗಾಡಿದರೆ ತೊಂದರೆ ಇಲ್ಲ, ಹಳೆ ಡೀಸೆಲ್‌ಗೆ ಅಷ್ಟು ಇರುತ್ತೆ. ಎಗರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಇನ್ನೊಮ್ಮೆ ಹೋದಾಗ ಇದೊಂದು ನೋಡಿ. ಬಿಸಿಯಾದ ಮೇಲೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರಬಾರದು.

ಸಿವಿ ಜಾಯಿಂಟ್ ಬದಲಿಸಲೇಬೇಕು, ಅದರ ಖರ್ಚು ಕೂಲಿ ಸೇರಿಸಿ ಕೇಳಿ, ಬೆಲೆಯಲ್ಲಿ ಕಡಿಮೆ ಮಾಡಿಸಿ. 2013ರದ್ದಕ್ಕೆ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕ್ (ಒಂದು ಚಕ್ರ ಜಾರಿದರೂ ಇನ್ನೊಂದು ಎಳೆಯುವ ಹಾಗೆ ಮಾಡೋದು) ಇರಲ್ಲ, ಅದು 2015ರ ನಂತರದ ಗಾಡಿಗೆ ಬಂದದ್ದು. ಯಾರಾದರೂ ಇದೆ ಅಂತ ಹೇಳಿ ದುಡ್ಡು ಜಾಸ್ತಿ ಕೇಳಿದರೆ ಒಪ್ಪಬೇಡಿ.

ಕಾಳಿ ತೀರ

ತಗೊಂಡ ಮೇಲೆ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ. ನಮ್ಮ ಕಡೆ ಹಳಬರು ಅದನ್ನೇ ಮಾಡ್ತಿದ್ರು, ತುಕ್ಕು ಹತ್ತಿರ ಬರಲ್ಲ.

ಯಾಣ ಕಣಿವೆ

ದಯವಿಟ್ಟು ಬೇಡ. ಎಣ್ಣೆ ತಾಗಿದರೆ ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತೆ. ಮಳೆಗೆ ತೊಳೆದು ಹೋಗಿ ಅದೇ ಹಳ್ಳಕ್ಕೆ, ತೋಟಕ್ಕೆ ಸೇರುತ್ತೆ. ಕುಡಿಯುವ ಬಾವಿ ಪಕ್ಕದಲ್ಲೇ ಇರುತ್ತೆ ನಮ್ಮಲ್ಲಿ.

ಕಾಳಿ ತೀರ

ಬಾವಿ ವಿಷಯ ಸರಿ. ಹಾಗಾದ್ರೆ ಏನು ಮಾಡೋದು?

ಗ್ಯಾರೇಜ್ ಕುಮಟಾ

ಮೇ ತಿಂಗಳಲ್ಲಿ, ಪೂರ್ತಿ ಒಣಗಿದ್ದಾಗ, ತುಕ್ಕು ಕೆರೆಸಿ ಪ್ರೈಮರ್ ಹೊಡೆಸಿ. ಚಾಸಿ ಒಳಗಿನ ಪೊಳ್ಳಿಗೆ ಮೇಣದ ಥರದ ಕೋಟಿಂಗ್ ಸಿಗುತ್ತೆ, ಅದನ್ನು ಹೊಡೆಸಿ. ಚಾಸಿಯಲ್ಲಿ ನೀರು ಇಳಿಯುವ ತೂತುಗಳಿರುತ್ತವೆ, ಕೋಟಿಂಗ್ ಹೊಡೆಯುವವರು ಅವನ್ನೇ ಮುಚ್ಚಿಬಿಡ್ತಾರೆ. ನಿಂತು ನೋಡಿ ಬಿಡಿಸಿ. ಗೋಕರ್ಣ, ಕಾರವಾರ ಕಡೆ ಸಮುದ್ರದ ಹತ್ತಿರ ಹೋಗಿ ಬಂದರೆ ಅವತ್ತೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ.

ತೋಟದಮನೆ, ಶಿರಸಿ

ಕ್ಯಾಪ್ ಇಟ್ಟು ನೋಡಿದೆ, ಅಲುಗಾಡಿತು, ಬೀಳಲಿಲ್ಲ. 5.10ಕ್ಕೆ ಒಪ್ಪಿದ್ದಾರೆ. ಅವರ ಸಾಲ ತೀರಿದೆ ಅಂತಾರೆ, ಆದರೆ ಆರ್‌ಸಿಯಲ್ಲಿ ಇನ್ನೂ ಬ್ಯಾಂಕ್ ಹೆಸರು ಇದೆ. ದುಡ್ಡು ಕೊಡಬಹುದಾ?

ಹೊನ್ನಾವರ ಬಂದರು

ಪೂರ್ತಿ ಕೊಡಬೇಡಿ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಅವರ ಕೈಯಲ್ಲಿ ಇರಬೇಕು, ಬ್ಯಾಂಕ್ ಹೆಸರು ತೆಗೆಸಿದ ಮೇಲೆ ಉಳಿದ ದುಡ್ಡು. ಸಣ್ಣ ಮುಂಗಡ ಕೊಟ್ಟು ಬರೆಸಿಕೊಳ್ಳಿ. ವರ್ಗಾವಣೆಗೆ ಫಾರಂ 29, 30 ಇಬ್ಬರ ಸಹಿಯೊಂದಿಗೆ. ಗಾಡಿ ಮೇಲೆ ಹಳೆ ಇ-ಚಲನ್ ಬಾಕಿ ಇದೆಯಾ ಅಂತಲೂ ನೋಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸೋಕೆ ಕೊಂಡ 14 ದಿನದೊಳಗೆ ಕಂಪನಿಗೆ ತಿಳಿಸಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡ್ತಾರೆ.

ಬನವಾಸಿ ರಸ್ತೆ

ಹುಬ್ಬಳ್ಳಿಯಿಂದ ತರುವಾಗ ಯಲ್ಲಾಪುರ ಮೇಲೆ ಬನ್ನಿ, ನಿಧಾನ. ಟಯರ್ ಯಾವ ವರ್ಷದ್ದು ಅಂತ ನೋಡಿದ್ರಾ? ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, ಕೊನೆಯ ಎರಡು ಅಂಕಿ ತಯಾರಾದ ವರ್ಷ. ಸ್ಟೆಪ್ನಿದೂ ನೋಡಿ.

ತೋಟದಮನೆ, ಶಿರಸಿ

ನಾಲ್ಕು 2021ರವು, ಸ್ಟೆಪ್ನಿ ಮಾತ್ರ 2013ರದ್ದೇ, ಗಾಡಿ ಜೊತೆ ಬಂದದ್ದು.

ಗ್ಯಾರೇಜ್ ಕುಮಟಾ

ಸ್ಟೆಪ್ನಿ ಬದಲಿಸಿ, ಅದನ್ನು ನಂಬಿ ಕಾಡಿನ ದಾರಿ ಹಿಡಿಯೋಕೆ ಆಗಲ್ಲ. ಹೊಸದು ತಗೊಳ್ಳುವಾಗ ಉಳಿದ ನಾಲ್ಕರ ಅಳತೆಯದ್ದೇ ತಗೊಳ್ಳಿ. 4 ಹೆಚ್‌ನಲ್ಲಿ (ನಾಲ್ಕೂ ಚಕ್ರ, ಮಾಮೂಲಿ ವೇಗ), 4ಎಲ್‌ನಲ್ಲಿ ಓಡಿಸುವಾಗ ಒಂದು ಚಕ್ರದ ಸುತ್ತಳತೆ ಬೇರೆಯಾದರೂ ಟ್ರಾನ್ಸ್‌ಫರ್ ಕೇಸ್ ಮೇಲೆ ಒತ್ತಡ ಬೀಳುತ್ತೆ. ಗಾಡಿ ಬಂದ ಮೇಲೆ ಎರಡೂ ಡಿಫರೆನ್ಷಿಯಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲದರ ಆಯಿಲ್ ಒಂದೇ ಸಲ ಬದಲಿಸಿಬಿಡಿ, ಆಕ್ಸಲ್‌ನ ಗಾಳಿ ಪೈಪು ಕಟ್ಟಿದ್ದರೆ ಬಿಡಿಸಿ, ಉದ್ದ ಪೈಪು ಹಾಕಿ ಬಾನೆಟ್ ಎತ್ತರಕ್ಕೆ ತಂದು ಕಟ್ಟಿ. ಮಳೆ ಹಿಡಿಯುವ ಮೊದಲು ತಂದರೆ ನಾನೇ ಮಾಡಿಕೊಡ್ತೀನಿ.